ಕೊರಳಿಗೆ ಕಟ್ಟಿಕೊಂಡ ಅಂಟುವಾಳ

ಎಪ್ಪತ್ತರ ದಶಕದ ನಡುವಿನಲ್ಲಿ, ನನಗೆ ಇಪ್ಪತ್ತೆರಡು ತುಂಬಿದ ವರ್ಷ, ಕುಂದಗೋಳ ತಾಲ್ಲೂಕಿನ ಕುಬಿಹಾಳದ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ಹುಬ್ಬಳ್ಳಿಯ ನಮ್ಮ ಮನೆಯಿಂದ ದಿನವೂ ಓಡಾಡುವಷ್ಟು ದೂರವೇ. ಆದರೆ ಮಳೆ ಹಿಡಿಯಿತೆಂದರೆ ಆ ಎರೆಮಣ್ಣಿನ ದಾರಿಯಲ್ಲಿ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಊರಾಗ ಒಂದು ಖೋಲಿ ಹಿಡೀರಿ ಅಕ್ಕೋರ, ಅದ ಚಲೋ" ಎಂದು ಹೆಡ್‌ಮಾಸ್ತರರು ಮೊದಲ ದಿನವೇ ಹೇಳಿದರು.

ಮೊದಲ ಮನೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಕೇಳಿದರು: "ಯಾರ ಪೈಕಿರಿ ನೀವು?"

"ಹುಬ್ಬಳ್ಳಿಯವ್ರು" ಎಂದೆ.

"ಅದು ಊರಾತು. ಯಾರ ಪೈಕಿ?"

ನಾನು ಯೋಚಿಸುತ್ತ ನಿಂತೆ. ಇಂಥ ಪ್ರಶ್ನೆಗೆ ಯೋಚನೆ ಮಾಡುವವರು ಯಾರಿರುತ್ತಾರೆ? ಅವರು ನನ್ನ ಹಣೆ ನೋಡಿದರು, ಕೈಬಳೆ ನೋಡಿದರು. ಆಮೇಲೆ, ಖೋಲಿಯಲ್ಲಿ ಹತ್ತಿ ತುಂಬಿದ್ದೇವೆ ಎಂದರು. ಎರಡನೆಯ ಮನೆಯಲ್ಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು.

ನಿಜ ಹೇಳಬೇಕೆಂದರೆ ನನ್ನಲ್ಲಿ ಆ ಪ್ರಶ್ನೆಗೆ ಒಂದು ಮಾತಿನ ಉತ್ತರ ಇರಲಿಲ್ಲ. ಅಪ್ಪ ಅಣ್ಣಿಗೇರಿಯ ಲಿಂಗಾಯತರ ಮನೆಯವನು, ಕಾಳಿನ ವ್ಯಾಪಾರದ ಮನೆತನ. ರೈಲ್ವೆಯಲ್ಲಿ ಕಾರಕೂನನಾಗಿದ್ದಾಗ ವಿಷಮಶೀತ ಜ್ವರ ಬಂದು ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿ ಅವನನ್ನು ನೋಡಿಕೊಂಡ ನರ್ಸ್ ನನ್ನ ತಾಯಿ. ಕರಾವಳಿಯ ಕೊಂಕಣಿ ಕ್ರಿಶ್ಚಿಯನ್ ಮನೆಯವಳು. ಇಬ್ಬರೂ ರಿಜಿಸ್ಟರ್ ಮದುವೆಯಾದರು. ಅಣ್ಣಿಗೇರಿಯ ಮನೆ ಅವತ್ತೇ ಬಾಗಿಲು ಹಾಕಿಕೊಂಡಿತು. ಕರಾವಳಿಯ ಅಜ್ಜಿ ಬಾಗಿಲು ಹಾಕಲಿಲ್ಲ, ಆದರೆ ನಾನು ಹೋದಾಗಲೆಲ್ಲ, ಈ ಮಗುವಿಗೆ ದೀಕ್ಷಾಸ್ನಾನ ಆಗಿಲ್ಲವಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಲ್ಲಿನ ಇಗರ್ಜಿಯಲ್ಲಿ ಎಲ್ಲರೂ ಎದ್ದು ನಿಂತಾಗ ನಾನು ಮಂಡಿಯೂರಿರುತ್ತಿದ್ದೆ, ಎಲ್ಲರೂ ಮಂಡಿಯೂರಿದಾಗ ನಿಂತಿರುತ್ತಿದ್ದೆ. ಸೋದರ ಸಂಬಂಧಿ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮಾತ್ರ ಈ ತೊಂದರೆ ಇರಲಿಲ್ಲ. ಆಚೆ ಮನೆ ತಮಿಳರದು, ಈಚೆ ಮನೆ ತೆಲುಗರದು. ನಮ್ಮಲ್ಲಿ ತಾಯಿ ಅಡುಗೆಮನೆಯಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳು, ಅಪ್ಪ ಯಾವತ್ತಾದರೊಮ್ಮೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ನನಗೆ ಯಾರೂ ಏನನ್ನೂ ಹೇರಲಿಲ್ಲ. ಅದು ದೊಡ್ಡತನವೆಂದು ಈಗ ಅನಿಸುತ್ತದೆ. ಆಗ ಮಾತ್ರ ಏನೂ ಕೊಡದೆ ಬಯಲಿಗೆ ಕಳಿಸಿದರಲ್ಲ ಎಂದು ಸಿಟ್ಟು ಬರುತ್ತಿತ್ತು.

ಮೂರನೆಯ ಮನೆ ಒಬ್ಬ ವಿಧವೆಯದು. ಐವತ್ತು ದಾಟಿದ ಹೆಂಗಸು. ಮಗ ಗದಗಿನ ಕಡೆ ನೌಕರಿಯಲ್ಲಿದ್ದ, ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು ತಾನೊಬ್ಬಳೇ ಇದ್ದಳು. ಆಕೆ ಆ ಪ್ರಶ್ನೆ ಕೇಳುವ ಮೊದಲೇ ನಾನು ನಮ್ಮ ಅಡ್ಡಹೆಸರು ಹೇಳಿ, "ನಮ್ಮಪ್ಪನ ಊರು ಅಣ್ಣಿಗೇರಿ" ಎಂದುಬಿಟ್ಟೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಕೆಯ ಮುಖ ಅರಳಿತು.

"ಅಯ್ಯ, ನನ್ನ ತವರಮನಿನೂ ಅಣ್ಣಿಗೇರಿನ ಅಲ್ಲೇನವಾ! ಕಾಳಿನ ವ್ಯಾಪಾರದವ್ರ ಪೈಕಿ ಹೌದಲ್ಲೋ? ಒಳಗ ಬಾ, ಹೊರಗ ಯಾಕ ನಿಂತಿ?"

ಒಳಗೆ ಹೋದೆ. ಖೋಲಿ ಸಿಕ್ಕಿತು, ಆಕೆಯ ಒಲೆಯ ಮುಂದೆ ಊಟಕ್ಕೆ ಜಾಗವೂ ಸಿಕ್ಕಿತು. ಆ ದಿನದಿಂದಲೇ ನನ್ನ ನಿದ್ದೆ ಕೆಟ್ಟಿತು. ಆಕೆಯ ತವರು ಅಣ್ಣಿಗೇರಿ. ಒಂದು ಮಾತು ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕು?

ಆಕೆ ನನ್ನನ್ನು ನಿಜವಾಗಿ ಹಚ್ಚಿಕೊಂಡಳು. ಎರಡೇ ದಿನದಲ್ಲಿ 'ಅಕ್ಕೋರ' ಹೋಗಿ 'ಮಗಳ' ಬಂತು. ಬಿಸಿ ರೊಟ್ಟಿ ಬಡಿದು ನೇರ ನನ್ನ ತಾಟಿಗೆ ಹಾಕುತ್ತಿದ್ದಳು. ಬೆಳಗ್ಗೆ ಸ್ನಾನ ಮಾಡಿ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಅರ್ಧ ತಾಸು ಏಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಬೇಕೆಂದೇ ಹಿತ್ತಿಲಲ್ಲಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಆದರೂ ಒಂದು ವಾರದ ನಂತರ ಕೇಳಿಯೇ ಬಿಟ್ಟಳು.

"ಶಿವದಾರ ಕಾಣವಲ್ದಲ್ಲ ಮಗಳ ನಿನ್ನ ಕೊಳ್ಳಾಗ?"

"ಹರದಿತ್ರೀ. ಹುಬ್ಬಳ್ಳ್ಯಾಗ ಬಿಟ್ಟು ಬಂದೇನಿ."

"ಶಿವನ! ಲಿಂಗಾ ಬಿಟ್ಟು ನೀರು ಕುಡೀತಾರೇನವಾ? ಈ ಐತಾರ ಹೋಗಿ ತೊಗೊಂಬಾ."

ಭಾನುವಾರ ಹುಬ್ಬಳ್ಳಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ನನಗೊಂದು ಲಿಂಗ ಬೇಕು ಎಂದೆ. ಅವನು ಪೇಪರು ಇಳಿಸಲಿಲ್ಲ.

"ಅದು ಅಂಗಡ್ಯಾಗ ತರೂ ವಸ್ತು ಅಲ್ಲವಾ. ಗುರುಗಳು ಕೊಡಬೇಕು."

"ನಿಂದು ಎಲ್ಲೈತಿ?"

ಪೇಪರಿನ ಹಿಂದಿನಿಂದಲೇ ಹೇಳಿದ: "ಅಣ್ಣಿಗೇರ್ಯಾಗ. ಮನಿ ಬಿಟ್ಟು ಬರೂ ಮುಂದ ನಮ್ಮವ್ವ ಬಿಚ್ಚಿಸಿ ಇಟ್ಕೊಂಡ್ಳು."

ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದೆ. ಅಡುಗೆಮನೆಯಲ್ಲಿ ತಾಯಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬರಲಿಲ್ಲ.

ಅವತ್ತು ಸಂಜೆ ಹೊರಡುವ ಮುಂಚೆ ನಾನು ಮಾಡಿದ ಕೆಲಸವನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಬಚ್ಚಲಲ್ಲಿ ತಾಯಿ ತಲೆಗೆ ಹಚ್ಚಲು ಇಟ್ಟಿದ್ದ ಅಂಟುವಾಳ ಕಾಯಿಯ ಚೀಲವಿತ್ತು. ಅದರಿಂದ ಒಂದು ಉರುಟಾದ ಕಾಯಿ ಆರಿಸಿದೆ. ಬಿಳಿ ಕರವಸ್ತ್ರ ಹರಿದು ಅದರಲ್ಲಿ ಬಿಗಿಯಾಗಿ ಸುತ್ತಿ, ದಾರ ಪೋಣಿಸಿ, ಕುಪ್ಪಸದೊಳಗೆ ಬರುವಂತೆ ಕೊರಳಿಗೆ ಕಟ್ಟಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ದಾರ ಕಾಣುತ್ತಿತ್ತು. ಸಾಕಾಗಿತ್ತು.

ಕುಬಿಹಾಳದಲ್ಲಿ ಆಕೆ ದಾರ ನೋಡಿ, "ಈಗ ಜೀವಕ್ಕ ಹಗುರಾತು ನೋಡು" ಎಂದಳು. ನನ್ನ ಜೀವ ಆ ಕಾಯಿಯ ತೂಕದಲ್ಲಿ ಜಗ್ಗುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ, ಬಗ್ಗಿ ಮಕ್ಕಳ ಪಾಟಿ ನೋಡುವಾಗ, ಒಂದು ಕೈ ತಾನಾಗಿ ಎದೆಯ ಹತ್ತಿರ ಹೋಗುತ್ತಿತ್ತು. ಸ್ನಾನಕ್ಕೆ ಹೋದರೆ ಅಗುಳಿ ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ನೋಡುತ್ತಿದ್ದೆ. ನೀರು ತಾಗಿ ಕಾಯಿ ನೊರೆ ಬಿಟ್ಟೀತೆಂಬ ಹೆದರಿಕೆ ಬೇರೆ.

ಜುಲೈ ತಿಂಗಳಲ್ಲಿ, ನಿನ್ನ ಊರು ನೋಡಲು ಬರುತ್ತೇನೆ ಎಂದು ತಾಯಿಯ ಕಾಗದ ಬಂತು. ಅದೇ ದಿನ ಉತ್ತರ ಬರೆದೆ. ಮಳೆ ಬಹಳ, ಬಸ್ಸಿನ ಭರವಸೆ ಇಲ್ಲ, ಬರಬೇಡ. ಕಾಗದವನ್ನು ಡಬ್ಬಿಗೆ ಹಾಕಿದ ಮೇಲೆ ಆಕಾಶ ನೋಡಿದೆ. ನಾಲ್ಕು ದಿನದಿಂದ ಒಂದು ಹನಿಯೂ ಬಿದ್ದಿರಲಿಲ್ಲ.

ಅವಳು ಬಂದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುತ್ತಿದ್ದೆ. ಬಸ್ಸಿನಿಂದ ಇಳಿದ ಹೆಂಗಸು ಯಾರೆಂದು ಒಂದು ಕ್ಷಣ ತಿಳಿಯಲಿಲ್ಲ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಎರಡೂ ಕೈತುಂಬ ಹಸಿರು ಬಳೆ, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ನನ್ನ ತಾಯಿ ಜನ್ಮದಲ್ಲಿ ಕುಂಕುಮ ಹಚ್ಚಿದವಳಲ್ಲ. ಕೊರಳಲ್ಲಿ ಯಾವಾಗಲೂ ಇರುತ್ತಿದ್ದ ಶಿಲುಬೆಯ ಸರ ಇರಲಿಲ್ಲ. ಅದಿದ್ದ ಜಾಗದಲ್ಲಿ ಚರ್ಮ ತುಸು ಬೆಳ್ಳಗಿತ್ತು.

ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಸರಿ ಕಾಣ್ತೈತೇನ? ಬಾಜು ಮನಿಯಾಕಿ ಕಡೆ ಹಚ್ಚಿಸ್ಕೊಂಡೆ. ಬಳೀನೂ ಆಕೀವ."

ನಾನು ಹೂಂ ಎಂದೆ. ಒಂದು ಮಾತು ಹೆಚ್ಚು ಆಡಿದ್ದರೂ ಅಳು ಬರುತ್ತಿತ್ತು, ರಸ್ತೆಯಲ್ಲಿ ಜನರಿದ್ದರು.

ಮನೆಯಲ್ಲಿ ಅವಳು ಒಂದೂ ತಪ್ಪು ಮಾಡಲಿಲ್ಲ. ಕಾಲು ತೊಳೆದು ಒಳಗೆ ಬಂದಳು. ಮನೆಯೊಡತಿ ಪಕ್ಕದ ಮನೆಯ ಮುತ್ತೈದೆಯನ್ನು ಕರೆಸಿ ಉಡಿ ತುಂಬಿಸಿದಾಗ ಸೆರಗೊಡ್ಡಿದಳು. ತವರು ಯಾವುದೆಂದು ಕೇಳಿದಾಗ, "ದೂರರೀ, ಸಮುದ್ರದ ಕಡೆ" ಎಂದು ತಲೆ ತಗ್ಗಿಸಿದಳು. ತಪ್ಪಾದದ್ದು ನನ್ನಿಂದ. ಮನೆಯಲ್ಲಿ ಅವಳನ್ನು ನಾನು ಕೊಂಕಣಿಯಂತೆ 'ಮಾಂಯ್' ಎಂದು ಕರೆಯುವುದು. ಅವತ್ತು 'ಅವ್ವಾ' ಎಂದೆ. ಅವಳು ತಿರುಗಿ ನೋಡಲಿಲ್ಲ. ಮತ್ತೊಮ್ಮೆ 'ಅವ್ವಾ' ಎಂದೆ. ಮನೆಯೊಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು. "ಬಸ್ಸಿನ ಗದ್ದಲಕ್ಕ ಕಿವಿ ಮಂದ ಆಗ್ಯಾವ್ರೀ" ಎಂದು ತಾಯಿ ನಕ್ಕಳು. ಅಂಥ ಚುರುಕಿನ ಸುಳ್ಳು ಅವಳಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನೇ ಕಲಿಸಿದ್ದೆ, ಒಂದು ಕಾಗದ ಬರೆದು.

ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಅವಳು ಕಿಟಕಿಯಲ್ಲಿ ಕೂತು, ಬಸ್ಸು ಹೊರಡುವ ಮೊದಲೇ ಸೆರಗಿನ ತುದಿಯಿಂದ ಹಣೆ ಒರೆಸಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಪಂಚಮಿ ಹಬ್ಬ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ಕೂದಲು ನೆರೆತಿದ್ದರೂ ಸರಿ. ಮನೆಯೊಡತಿಯ ಅಣ್ಣ ಅಣ್ಣಿಗೇರಿಯಿಂದ ಕರೆಯಲು ಬಂದ. ಹೊರಡುವಾಗ ಆಕೆ ಮನೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟಳು.

"ದೇವರ ಮನ್ಯಾಗ ದೀಪಾ ನೀನ ಹಚ್ಚು ಮಗಳ. ಮತ್ತ ಈ ಸಲ ನಿಮ್ಮ ಅಜ್ಜಿ ಮನಿಗೂ ಹೋಗಿ ಬರ್ತೀನಿ. ಮೊಮ್ಮಗಳು ನಮ್ಮ ಮನ್ಯಾಗ ಅದಾಳಂತ ಹೇಳ್ತೀನಿ. ಭಾಳ ಖುಷಿ ಆಕ್ಕಾಳ."

ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದರೆ ಏನು ಹೇಳಲಿ? ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಐದು ದಿನ ಆಕೆ ಇರಲಿಲ್ಲ. ದೀಪ ಹಚ್ಚಲು ಹೋದಾಗ ಕಡ್ಡಿ ಗೀರಿ ಆರಿಸುತ್ತಿದ್ದೆ, ಮತ್ತೆ ಗೀರುತ್ತಿದ್ದೆ. ಹಚ್ಚಬಾರದವಳು ಹಚ್ಚುತ್ತಿದ್ದೇನೆ ಎಂದು ಒಮ್ಮೆ, ಹಚ್ಚದೆ ಬಿಟ್ಟರೆ ಇನ್ನೂ ಕೆಟ್ಟದ್ದು ಎಂದು ಇನ್ನೊಮ್ಮೆ. ಟ್ರಂಕಿಗೆ ಬಟ್ಟೆ ತುಂಬಿದೆ, ಮತ್ತೆ ತೆಗೆದೆ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. "ಬರ್ರಿ ಅಕ್ಕೋರ, ಒಂದು ಜೀಕು ಜೀಕ್ರಿ" ಎಂದು ಹುಡುಗಿಯರು ಕೈ ಹಿಡಿದು ಎಳೆದರು. ನನಗೆ ಜೋಕಾಲಿ ಎಂದರೆ ಪ್ರಾಣ. ಆದರೆ ಜೀಕುವಾಗ ಕೊರಳ ದಾರ ಹೊರಗೆ ಹಾರಿ, ಗಂಟು ಬಿಚ್ಚಿ, ಎಲ್ಲರ ಮುಂದೆ ಆ ಕಾಯಿ ಉರುಳಿದಂತೆ ಕಣ್ಣಿಗೆ ಕಟ್ಟಿತು. ತಲೆನೋವು ಎಂದು ಹೇಳಿ ಒಳಗೆ ಬಂದೆ. ಹೊರಗೆ ಅವರ ಹಾಡು ಕೇಳುತ್ತಿತ್ತು. ನಾನು ಪ್ರತಿ ಬಸ್ಸಿನ ಸಪ್ಪಳವನ್ನು ಎಣಿಸುತ್ತ ಕೂತಿದ್ದೆ.

ಆರನೆಯ ದಿನ ಮಧ್ಯಾಹ್ನ ಆಕೆ ಬಂದಳು. ಕೈಯಲ್ಲಿ ಉಂಡಿಯ ಡಬ್ಬಿ ಇತ್ತು. ಅದನ್ನು ನನ್ನ ಕೈಗೆ ಕೊಡಲಿಲ್ಲ, ನನ್ನ ಖೋಲಿಯ ಹೊಸ್ತಿಲ ಮೇಲೆ ಇಟ್ಟಳು.

"ಪಂಚಮಿ ಉಂಡಿ ಅದಾವ್ರಿ ಅಕ್ಕೋರ. ತಿನ್ರಿ."

ಆ 'ರಿ' ಕೇಳಿದೊಡನೆ ಎಲ್ಲ ತಿಳಿಯಿತು. ಆಶ್ಚರ್ಯವೆಂದರೆ ಎರಡು ತಿಂಗಳ ನಂತರ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

"ಅಜ್ಜಿನ್ನ ನೋಡಿದ್ರೇನ್ರಿ?" ಎಂದೆ.

ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. "ನೋಡಿದೆ. ನಿಮ್ಮ ಮಗನ ಮಗಳು ನಮ್ಮ ಮನ್ಯಾಗ ಅದಾಳ್ರಿ ಅಂದೆ. ನನಗ ಅಂಥಾ ಮಗಾ ಇಲ್ಲ ಅಂದ್ಳು. ಒಳಗ ಹೋದ್ಳು. ಬಾಜು ಮನಿಯವ್ರು ಆಮ್ಯಾಲೆ ಎಲ್ಲಾ ಹೇಳಿದ್ರು, ನಿಮ್ಮ ಅಪ್ಪಂದು, ನಿಮ್ಮ ತಾಯೀದು."

ಆಮೇಲೆ ದನಿ ತಗ್ಗಿಸಿ ಹೇಳಿದಳು: "ಊರ ಅಗಸಿ ಬಾಗಲಾ ತನಕ ಬಂದಿದ್ದೆ. ಮುದುಕಿ ಕೋಲು ಊರ್ಕೋತ ಹಿಂದ ಬಂದ್ಳು. 'ಹುಡುಗಿ ಯಾರಂಗ ಅದಾಳ?' ಅಂತ ಕೇಳಿದ್ಳು. ಅಷ್ಟ ಕೇಳಿದ್ಳು."

"ನೀವೇನಂದ್ರಿ?"

"ನಿಮ್ಮಂಗ ಹಣಿ ಐತ್ರಿ ಅಂದೆ. ಸುಳ್ಳಲ್ಲ, ಐತಿ."

ಆಮೇಲೆ ಆಕೆ ನನ್ನ ಕೊರಳನ್ನು ನೋಡುತ್ತ ಕೇಳಿದಳು: "ಹಂಗಾರ ಅದು ಏನು?"

ನಾನು ದಾರ ಬಿಚ್ಚಿ ಗಂಟು ಬಿಡಿಸಿದೆ. ಅಂಟುವಾಳ ಕಾಯಿ ಅಂಗೈಯಲ್ಲಿ ಬಿತ್ತು. ಬೆವರಿಗೆ ಅದರ ಬಣ್ಣ ಬಟ್ಟೆಗೆ ಹತ್ತಿತ್ತು. ಆಕೆ ಅದನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಆಕೆಯ ಕಣ್ಣಲ್ಲಿ ನೀರು ಬಂತು.

"ಬ್ಯಾರೆ ಜಾತಿ ಅಂತ ಹೇಳಿದ್ರ ಖೋಲಿ ಕೊಡ್ತಿದ್ನೋ ಇಲ್ಲೋ, ಅದು ನನಗ ಗೊತ್ತಿಲ್ಲ. ಆದ್ರ ಇದನ್ನ ಕಟ್ಕೊಂಡು ನನ್ನ ಪೂಜಿ ಎದುರು ಅಡ್ಡಾಡಿದ್ರಲ್ಲ. ಇದನ್ನ ಹೆಂಗ ನುಂಗಲಿ?"

"ಹೆದರಿದ್ದೆ" ಎಂದೆ. ಕಾಯಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ ಅಂದೆ: "ನಮ್ಮ ತಾಯೀದು ತಪ್ಪಿಲ್ರಿ. ಆಕಿ ಕುಂಕುಮ ಹಚ್ಕೊಂಡಿದ್ದು ನನ್ನ ಸಲುವಾಗಿ."

"ಅದು ತಿಳೀತೈತಿ ನನಗ. ನಾನೂ ತಾಯಿನ ಅದೀನಿ."

ಆಕೆಯ ತೀರ್ಮಾನ ಚಿಕ್ಕದಾಗಿತ್ತು. ಮಾರ್ಚಿನ ಪರೀಕ್ಷೆ ಮುಗಿಯುವವರೆಗೆ ಇರಬಹುದು. ಊರಲ್ಲಿ ಯಾರಿಗೂ ಹೇಳುವುದಿಲ್ಲ, ಹೇಳಿದರೆ ತನ್ನ ಮಾನವೂ ಹೋಗುತ್ತದೆ. ಅಡುಗೆಮನೆ, ದೇವರಮನೆಗಳಿಗೆ ಮಾತ್ರ ಕಾಲಿಡಬಾರದು. ನಾನು ಹುಬ್ಬಳ್ಳಿಯಿಂದ ಸ್ಟೋವ್ ತಂದು ಖೋಲಿಯಲ್ಲಿ ಬೇಯಿಸಿಕೊಳ್ಳತೊಡಗಿದೆ. ಮೊದಲ ವಾರ ಎರಡು ಸಲ ಅನ್ನ ಹೊತ್ತಿಸಿದೆ. ಎರಡನೆಯ ಸಲ ವಾಸನೆಗೆ ಆಕೆ ಹೊಸ್ತಿಲ ತನಕ ಬಂದು, "ನೀರು ಜಾಸ್ತಿ ಹಾಕ್ರಿ" ಎಂದು ಹೇಳಿ ಹೋದಳು.

ಮುಂದಿನ ಭಾನುವಾರ ಅಪ್ಪನಿಗೆ ಎಲ್ಲ ಹೇಳಿದೆ. ಮಗನಿಲ್ಲ ಎಂದು ಅಜ್ಜಿ ಅಂದ ಮಾತನ್ನು ಬಿಟ್ಟುಬಿಡೋಣವೆಂದುಕೊಂಡಿದ್ದೆ, ಆಗಲಿಲ್ಲ. ಸುಳ್ಳು ಹೇಳಿ ಸಾಕಾಗಿತ್ತು.

"ಕೋಲು ಹಿಡದಿದ್ಳಂತೇನು?" ಎಂದು ಅಪ್ಪ ಕೇಳಿದ. "ಯಾವ ಕೈಯಾಗ?"

ನನಗೆ ಗೊತ್ತಿರಲಿಲ್ಲ.

ಅದರ ಮುಂದಿನ ಭಾನುವಾರ ನಾನು ಮನೆಗೆ ಬಂದಾಗ ಅವನಿರಲಿಲ್ಲ. ಬೆಳಗಿನ ಗದಗಿನ ಗಾಡಿಗೆ ಅಣ್ಣಿಗೇರಿಗೆ ಹೋಗಿದ್ದಾನೆಂದು ತಾಯಿ ಹೇಳಿದಳು. ಆ ದಿನ ಅವಳು ಮಾಡಿದ್ದೆಲ್ಲ ಅರ್ಧಂಬರ್ಧ. ಅಕ್ಕಿ ಆರಿಸಲು ಕೂತು ಎದ್ದಳು, ಬಟ್ಟೆ ನೆನೆಹಾಕಿ ಮರೆತಳು. ಅವನು ಬಾರದೆ ಅಲ್ಲೇ ಉಳಿದರೆ ಎಂಬ ಹೆದರಿಕೆ ಅವಳಿಗೋ, ಅವನನ್ನು ಬಾಗಿಲಿಂದಲೇ ಕಳಿಸಿದರೆ ಎಂಬ ಹೆದರಿಕೆಯೋ? ನಾನು ಕೇಳಲಿಲ್ಲ. ನನಗೆ ಎರಡೂ ಇದ್ದವು.

ಸಂಜೆ ಅಪ್ಪ ಬಂದ. ತಾಯಿ ತಾಟು ಇಡಲು ಹೋದಾಗ, "ಊಟ ಆಗೇತಿ" ಎಂದ.

"ಎಲ್ಲಿ ಕುಂಡ್ರಿಸಿ ಹಾಕಿದ್ರು?" ತಾಯಿ ಕೇಳಿದಳು.

"ಪಡಸಾಲ್ಯಾಗ."

ಅವಳು ತಾಟನ್ನು ಎತ್ತಿಟ್ಟಳು. ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಹಿತ್ತಿಲ ಕಡೆ ಹೋಗಿ ಬಹಳ ಹೊತ್ತು ಮುಖ ತೊಳೆದ. ಆಮೇಲೆ ವರ್ಷಕ್ಕೆ ಎರಡೋ ಮೂರೋ ಸಲ ಹೋಗಿ ಬರುತ್ತಿದ್ದ. ನಮ್ಮನ್ನು ಕರೆದುಕೊಂಡು ಹೋಗಲಿಲ್ಲ, ನಾವು ಕೇಳಲೂ ಇಲ್ಲ. ಅಜ್ಜಿಯನ್ನು ನಾನು ನೋಡಲಿಲ್ಲ. ಎರಡು ವರ್ಷದ ನಂತರ ಅವಳು ತೀರಿಕೊಂಡಳೆಂದು ಸುದ್ದಿ ಬಂದಾಗ ಅಪ್ಪ ಒಬ್ಬನೇ ಹೋದ.

ಆ ಮೊದಲ ವರ್ಷದ ಜನವರಿಯಲ್ಲಿ, ಖೋಲಿ ಬಿಡುವ ಮೊದಲು, ನಾನೇ ತಾಯಿಗೆ ಕಾಗದ ಬರೆದೆ: ಬಾ, ನೀನು ಹೇಗಿರುತ್ತೀಯೋ ಹಾಗೆಯೇ ಬಾ. ಮನೆಯೊಡತಿಗೆ ಹೇಳಿದಾಗ ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. "ಬರಲಿ. ಪಡಸಾಲಿ ಐತಲ್ಲ" ಎಂದಳು.

ತಾಯಿ ಬರಿಯ ಹಣೆಯಲ್ಲಿ, ತನ್ನ ಸರ ಹಾಕಿಕೊಂಡು ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಮನೆಯೊಡತಿ ಅಡುಗೆಮನೆಯ ಹೊಸ್ತಿಲೊಳಗೆ ಕೂತಳು. ನಡುವೆ ಐದಾರು ಮೊಳ ದೂರ. ಮೊದಲು ಇಬ್ಬರೂ ಮಳೆ, ಬೆಳೆ, ಬಸ್ಸು ಎಂದರು. ನಾನು ಬಾಗಿಲ ಹತ್ತಿರ ನಿಂತು ಓಣಿಯಲ್ಲಿ ಯಾರು ಬರುತ್ತಾರೆಂದು ನೋಡುತ್ತಿದ್ದೆ. ಆಗ ಆಕೆ, ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳೋ ಏನೋ, ಕೇಳಿದಳು:

"ಅಲ್ಲಬೇ, ಮೀನು ಹೆಂಗ ತಿಂತೀರಿ ನೀವು? ಮುಳ್ಳು ಗಂಟಲಕ್ಕ ಚುಚ್ಚಂಗಿಲ್ಲೇನು?"

ತಾಯಿ ನಗುತ್ತ ಬೆರಳಲ್ಲಿ ಮುಳ್ಳು ಬಿಡಿಸುವ ರೀತಿ ತೋರಿಸಿದಳು. "ಶಿವ ಶಿವಾ!" ಎಂದು ಮನೆಯೊಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮುಚ್ಚಿಕೊಂಡೇ ಇನ್ನೊಂದು ಪ್ರಶ್ನೆ ಕೇಳಿದಳು, ಸಣ್ಣ ಮಕ್ಕಳಿಗೂ ಕೊಡ್ತೀರೇನು ಎಂದು. ತಾಯಿ ಇನ್ನೂ ಜೋರಾಗಿ ನಕ್ಕಳು.

"ಮೆಲ್ಲಕ ಮಾತಾಡ್ರಿ, ಬಾಜು ಮನಿಯವ್ರಿಗೆ ಕೇಳ್ತೈತಿ" ಎಂದೆ.

ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಆ ಮನೆಯಲ್ಲಿ ಆಗ ಹೆದರಿಕೊಂಡಿದ್ದವಳು ನಾನೊಬ್ಬಳೇ.